ಇನ್ನೊಂದು ಬ್ಯಾಟರಿಗೆ ಮೊದಲು
ಕಾರಿನ ಫ್ರಿಜ್ ಬ್ಯಾಟರಿ ಹೀರುತ್ತಿದೆ ಎಂದೊಡನೆ ಇನ್ನೊಂದು ಬ್ಯಾಟರಿಯ ಬೆಲೆ ಕೇಳುವವರೇ ಹೆಚ್ಚು. ಮೊದಲು ನೋಡಬೇಕಾದದ್ದು ಪೆಟ್ಟಿಗೆ ತಂಪಾಗುವ ಬಗೆಯನ್ನು. ಕಂಪ್ರೆಸರ್ ಇಲ್ಲದ ಅಗ್ಗದ ಪೆಲ್ಟಿಯರ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು 12 ವೋಲ್ಟ್‌ನಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತಾ ಬಿಡುವಿಲ್ಲದೆ ಓಡುತ್ತವೆ. ಆದರೂ ಹೊರಗಿನ ಬಿಸಿಗಿಂತ 20 ಡಿಗ್ರಿಯಷ್ಟೇ ಕೆಳಗಿಳಿಯುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಇದ್ದರೆ ಒಳಗೆ 20. ಹಾಲು ಕೆಡಲು ಅಷ್ಟು ಸಾಕು! ಕಂಪ್ರೆಸರ್ ಫ್ರಿಜ್ ಓಡುವಾಗ ಹೆಚ್ಚುಕಡಿಮೆ ಅಷ್ಟೇ ಕರೆಂಟು ತಿಂದರೂ, ಬೇಕಾದ ತಂಪು ಬಂದೊಡನೆ ನಿಲ್ಲುತ್ತದೆ. ದುಬಾರಿ, ನಿಜ, ಆದರೆ ಎರಡನೇ ಬ್ಯಾಟರಿಯ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿ. ಕಂಪ್ರೆಸರ್ ಈಗಾಗಲೇ ಇರುವವರಿಗೆ ದಪ್ಪ ಫೋಮಿನ ಹೊದಿಕೆಯೇ ಅಗ್ಗದ ಅಪ್‌ಗ್ರೇಡ್. ಹೊದಿಸಿದರೆ ಯಂತ್ರ ಕಾಯುವುದಿಲ್ಲವೇ ಎನ್ನಬಹುದು. ಗಾಳಿಕಿಂಡಿ ಮುಚ್ಚಿದರೆ ಖಂಡಿತ ಕಾಯುತ್ತದೆ, ಆಗ ಕಂಪ್ರೆಸರ್ ಇನ್ನಷ್ಟು ಹೊತ್ತು ಓಡುತ್ತದೆ. ಹಾಗಾಗಿ ಆ ಬದಿಯನ್ನು ಬಿಟ್ಟು ಉಳಿದದ್ದನ್ನು ಹೊದಿಸಬೇಕು.