ಮರಳಿ ಮಗ್ಗದ ಕುಣಿಗೆ

ನಾನು ಹುಟ್ಟಿದ್ದು 1949ರಲ್ಲಿ, ಅಂದಿನ ವಿಜಾಪುರ ಜಿಲ್ಲೆಯ ಗುಳೇದಗುಡ್ಡದಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಕುಪ್ಪಸದ ಖಣಕ್ಕೆ ಹೆಸರಾದ ಊರದು. ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಲಾಳಿಯ ಸಪ್ಪಳದಿಂದ. ತಂದೆಯವರು ಸ್ನಾನ, ಲಿಂಗಪೂಜೆ ಮುಗಿಸಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆಂದರೆ ಮಧ್ಯಾಹ್ನದ ಪ್ರಸಾದಕ್ಕೇ ಏಳುತ್ತಿದ್ದರು. ತಾಯಿಯವರು ಕಂಡಿಕೆ ಸುತ್ತುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹರಿದ ಎಳೆಗಳನ್ನು ಗಂಟುಹಾಕುವುದು ನನ್ನ ಪಾಲಿನ ಕೆಲಸ. ಅದು ನನಗೆ ಎಳ್ಳಷ್ಟೂ ಸೇರುತ್ತಿರಲಿಲ್ಲ.

ಧಾರವಾಡದಲ್ಲಿ ಗಣಿತದ ಪದವಿ ಮುಗಿಸಿ 1972ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮವೊಂದರ ಗಣಕಯಂತ್ರ ವಿಭಾಗವನ್ನು ಸೇರಿದೆ. ಕೋಬಾಲ್ ಎಂಬ ಗಣಕಭಾಷೆಯಲ್ಲಿ ಕಾರ್ಮಿಕರ ಸಂಬಳದ ಲೆಕ್ಕ ಬರೆಯುವುದು ನನ್ನ ಕೆಲಸ. ಆಗ ಯಂತ್ರದೆದುರು ಕುಳಿತು ಅಕ್ಷರ ಒತ್ತುವ ಸೌಕರ್ಯವಿರಲಿಲ್ಲ. 80 ಸ್ತಂಭ, 12 ಸಾಲುಗಳ ದಪ್ಪ ಕಾಗದದ ಕಾರ್ಡಿಗೆ ತೂತು ಹೊಡೆದು ಒಂದೊಂದು ಆದೇಶವನ್ನು ಒಂದೊಂದು ಕಾರ್ಡಿನಲ್ಲಿ ದಾಖಲಿಸಬೇಕು. ಮೊದಲ ಆರು ಸ್ತಂಭಗಳಲ್ಲಿ ಕ್ರಮಾಂಕ ಹಾಕುವ ಪದ್ಧತಿಯಿತ್ತು. ಸೋಮಾರಿತನದಿಂದ ನಾನದನ್ನು ಬಿಟ್ಟಿದ್ದೆ. ಸಂಬಳದ ಹಿಂದಿನ ದಿನ ಕಾರ್ಡಿನ ಕಟ್ಟು ಕೈಜಾರಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಅಂದು ರಾತ್ರಿಯಿಡೀ ಅವನ್ನು ಜೋಡಿಸುತ್ತ ಕುಳಿತೆ. ಅಂದಿನಿಂದ ಕ್ರಮಾಂಕ ಹಾಕದೆ ಒಂದು ಕಾರ್ಡನ್ನೂ ಮುಟ್ಟಲಿಲ್ಲ.

1974ರ ದೀಪಾವಳಿಗೆ ಊರಿಗೆ ಹೋದಾಗ ತಂದೆಯವರು, ನೌಕರಿಯಲ್ಲಿ ಏನು ಮಾಡುತ್ತೀಯೆಂದು ಕೇಳಿದರು. ಚೀಲದಲ್ಲಿದ್ದ ಕಾರ್ಡೊಂದನ್ನು ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಹಂಗಾದ್ರ ತಮ್ಮಾ, ನೀನೂ ರಟ್ಟಿಗೆ ತೂತು ಹೊಡ್ಯಾಂವನ ಆದಿ!" ಎಂದು ನಕ್ಕರು. ವಿದ್ಯಾವಂತನೆಂಬ ಬಿಂಕ ನನಗೆ. ಆ ಮಾತನ್ನು ಹಗುರಾಗಿ ತಳ್ಳಿಹಾಕಿದೆ.

ತಂದೆಯವರು ಹೇಳಿದ್ದು ಅಕ್ಷರಶಃ ಸತ್ಯವೆಂದು ತಿಳಿಯಲು ಬಹಳ ವರ್ಷ ಬೇಕಾದವು. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಮಗ್ಗದಲ್ಲಿ ರಟ್ಟಿನ ಸರಮಾಲೆಯೇ ವಿನ್ಯಾಸವನ್ನು ನಡೆಸುತ್ತದೆ. ರಟ್ಟಿನಲ್ಲಿ ತೂತಿದ್ದಲ್ಲಿ ಸೂಜಿ ಒಳಹೋಗಿ ಅದಕ್ಕೆ ಸೇರಿದ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ಈ ರಟ್ಟುಗಳನ್ನೇ ಎರವಲು ಪಡೆದನು. 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ತೂತಿನ ಕಾರ್ಡುಗಳಿಂದ ಎಣಿಸಿದನು. ಅದೇ ವಂಶದ ಕುಡಿ ನನ್ನ ಕೈಯಲ್ಲಿದ್ದ ಕಾರ್ಡು.

ನಮ್ಮ ಮನೆಯಲ್ಲಿಯೂ ಒಂದು ಜಕಾರ್ಡ್ ಮಗ್ಗವಿತ್ತು. 1967ರ ರಜೆಯಲ್ಲಿ ನಾನು ಧಾರವಾಡದಿಂದ ಬಂದಾಗ ಅದು ಕಾಣಲಿಲ್ಲ. "ಮಾಲಿಗೆ ಬೇಡಿಕಿಲ್ಲ, ಕೊಟ್ಟಬಿಟ್ಟೆ" ಎಂದಷ್ಟೇ ಅಪ್ಪ ಹೇಳಿದ್ದರು. ಗಂಟುಹಾಕುವ ಕೆಲಸ ತಪ್ಪಿತೆಂದು ಒಳಗೊಳಗೇ ಹಿಗ್ಗಿದೆ. ನನ್ನ ಕಾಲೇಜಿನ ಫೀ ಹಾಗೂ ವಸತಿಯ ಖರ್ಚಿಗಾಗಿ ಅದನ್ನು ಮಾರಿದರೆಂದು ತಾಯಿಯವರು ಹೇಳಿದ್ದು 1989ರಲ್ಲಿ, ತಂದೆಯವರು ಲಿಂಗೈಕ್ಯರಾದ ಮೇಲೆ. ಆ ಮಧ್ಯೆ ಬೆಂಗಳೂರಿನ ಬಸವ ಜಯಂತಿಯ ವೇದಿಕೆಗಳಲ್ಲಿ ಜೇಡರ ದಾಸಿಮಯ್ಯನ ಹೆಸರು ಹೇಳಿ ಕಾಯಕದ ಮೇಲೆ ನಾನು ಹಲವು ಭಾಷಣ ಮಾಡಿದ್ದೆ. ತಂದೆಯ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ಮಾತ್ರ "ಬಟ್ಟೆ ವ್ಯಾಪಾರ" ಎನ್ನುತ್ತಿದ್ದೆ.

2007ರಲ್ಲಿ ನಿವೃತ್ತನಾದೆ. ಮೊದಲು ಹಾರ್ಮೋನಿಯಂ ಹಿಡಿದೆ. ನೆರೆಮನೆಯವರ ಪುಣ್ಯ, ಆರೇ ತಿಂಗಳಿಗೆ ಬಿಟ್ಟೆ. ಜಲವರ್ಣದ ಚಿತ್ರಗಳು ಎರಡು ವರ್ಷ ನಡೆದವು. 2011ರಲ್ಲಿ ಊರಿನ ನೇಕಾರರೊಬ್ಬರು ಕಸುಬು ಬಿಡುತ್ತಿರುವ ಸುದ್ದಿ ಬಂದಿತು. ಅವರ ಹಳೆಯ ಮಗ್ಗವನ್ನು ಜಕಾರ್ಡ್ ಪೆಟ್ಟಿಗೆ ಸಹಿತ ಕೊಂಡು ನಮ್ಮ ಹಿರಿಯರ ಮನೆಯಲ್ಲಿ ಹೂಡಿಸಿದೆ. ಕಲಿಸಲು ಒಪ್ಪಿದವರೂ ಅವರೇ. ನನಗಿಂತ ಹತ್ತು ವರ್ಷ ಕಿರಿಯರು. "ಗುರುಗಳೇ" ಎಂದರೆ ಸಂಕೋಚಪಡುತ್ತಿದ್ದರು.

ಮೊದಲ ನಾಲ್ಕು ತಿಂಗಳು ಎಳೆ ಹರಿದದ್ದೇ ಹೆಚ್ಚು, ನೆಯ್ದದ್ದು ಕಡಿಮೆ. ಗಣಕದಲ್ಲಿ ತಪ್ಪಿದರೆ ಅಳಿಸಬಹುದು. ಮಗ್ಗದಲ್ಲಿ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಚ್ಚಬೇಕು. ಹಾಸಿನ ಬಿಗುವು ಒಂದೆಡೆ ಸಡಿಲಾದರೂ ಬಟ್ಟೆ ಚಾಡಿ ಹೇಳುತ್ತದೆ. ಬೆನ್ನು ನೋವು ಬೇರೆ.

ಆದರೆ ರಟ್ಟು ಕತ್ತರಿಸುವುದರಲ್ಲಿ ನನಗೆ ಸರಿಸಾಟಿಯಿಲ್ಲವೆಂದು ನಂಬಿದ್ದೆ. ಖಣದ ಹಳೆಯ ತೇರಿನ ವಿನ್ಯಾಸವನ್ನು ಚೌಕಳಿ ಕಾಗದದಲ್ಲಿ ಬರೆದು, ತೂತು ಹೊಡೆದು, ಮೂರು ಸಲ ತಾಳೆ ನೋಡಿದೆ. ಕ್ರಮಾಂಕವನ್ನಂತೂ ಮರೆಯದೆ ಹಾಕಿದೆ. ಮೂರು ಮೊಳ ನೆಯ್ದ ಮೇಲೆ ಗುರುಗಳು ಬಂದು ಒಂದೇ ನೋಟಕ್ಕೆ, "ಸಾಹೇಬ್ರ, ನಿಮ್ಮ ತೇರಿಗೆ ಕಳಸ ಏರಿಸೇ ಇಲ್ಲಲ್ರೀ!" ಎಂದರು. ಒಂದು ರಟ್ಟಿನಲ್ಲಿ ಒಂದೇ ತೂತು ಬಿಟ್ಟುಹೋಗಿತ್ತು. ಸಾಲು ಸಾಲಾಗಿ ಪ್ರತಿಯೊಂದು ತೇರಿನ ತಲೆಯೂ ಬೋಳು.

ಬಿಚ್ಚಲು ಕುಳಿತೆ. ಮನೆಯವರು ಬಿಡಲಿಲ್ಲ. ಆ ರಟ್ಟಿಗೆ ತೂತು ಹೊಡೆದು ಮುಂದಿನ ಮೊಳವನ್ನು ಕಳಸದೊಡನೆ ನೆಯ್ದೆ. ಕಳಸವಿರುವ ತೇರುಗಳು ತೋಳಿಗೆ, ಬೋಳು ತೇರುಗಳು ಬೆನ್ನಿಗೆ ಬರುವಂತೆ ಅವರು ಕುಪ್ಪಸ ಹೊಲಿಸಿಕೊಂಡರು. ಊರ ಜಾತ್ರೆಗೆ ಅದನ್ನೇ ತೊಟ್ಟು ಬಂದರು. ನಾನು ಅವರ ಹಿಂದೆಯೇ ನಡೆಯುತ್ತಿದ್ದುದರಿಂದ ದಾರಿಯುದ್ದಕ್ಕೂ ಆ ಬೋಳು ತೇರುಗಳನ್ನು ಎಣಿಸುತ್ತ ಹೋದೆ.