ಮೊಳೆ ಜೋಡಿಸುವವರೂ ನಾವೇ

ಪತ್ರಿಕೆಗೆ ಕತೆ ಕಳಿಸುವವರಿಗೆ ಒಂದು ಕಾಲದಲ್ಲಿ ಇದ್ದ ಕಟ್ಟಳೆಗಳು ಬಹಳವೇನಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ಎಡಕ್ಕೆ ಅಂಚು ಬಿಡಬೇಕು, ಮೆಚ್ಚದಿದ್ದರೆ ವಾಪಸು ಕಳಿಸಲು ಸ್ಟಾಂಪು ಹಚ್ಚಿದ ಲಕೋಟೆ ಇಟ್ಟಿರಬೇಕು. ಮಿಕ್ಕಿದ್ದೆಲ್ಲ ಕಂಪೋಸಿಟರನ ಪಾಡು. ಬರೆದವರಿಗೇ ಓದಲಾಗದ ಕೈಬರಹವನ್ನು ಅವನು ಮೊಳೆ ಮೊಳೆಯಾಗಿ ಎತ್ತಿ ಜೋಡಿಸುತ್ತಿದ್ದ. 'ಸಾರ್, ನಿಮ್ಮ ಹುಡ್ಗಿ ಮೂರನೇ ಪುಟದಲ್ಲಿ ಸರೋಜ, ಏಳನೇದ್ರಲ್ಲಿ ಸುಮಿತ್ರ ಆಗವ್ಳೆ. ಯಾವ್ದಿಡ್ಲಿ?' ಎಂದು ಸಾಹಿತಿಯೊಬ್ಬರನ್ನು ಕೇಳಿದವನನ್ನು ನಾನು ಬಲ್ಲೆ. ಅಂಥ ವಿಮರ್ಶಕ ಆಮೇಲೆ ನನಗೆ ಸಿಕ್ಕಿಲ್ಲ.

ಈಗ ಆ ಪುಣ್ಯಾತ್ಮನ ಕೆಲಸವೆಲ್ಲ ನಮ್ಮ ತಲೆಗೇ ಬಂದಿದೆ. ಬೆರಳಿನ ಪಾಡನ್ನು ಕೆ.ಪಿ. ರಾವ್ ಹಗುರ ಮಾಡಿಕೊಟ್ಟರು ಅನ್ನಿ. ಅವರ ಕೀಲಿಮಣೆಯಲ್ಲಿ 'ಕೆ' ಒತ್ತಿದರೆ ಕ, 'ಜಿ' ಒತ್ತಿದರೆ ಗ. ನಡುವೆ 'ಎಫ್' ಒತ್ತಿದರೆ ಒತ್ತಕ್ಷರ. ವಾರವೊಂದು ಕೂತರೆ ಯಾರಿಗಾದರೂ ಕೈಗೆ ಹತ್ತುತ್ತದೆ. ಕಷ್ಟವಿರುವುದು ಕಣ್ಣಿಗೆ ಕಾಣದ ಕಡೆ.

ಸೊನ್ನೆಯನ್ನೇ ನೋಡಿ. ಅನುಸ್ವಾರದ ಸೊನ್ನೆ ಬೇರೆ, ಅಂಕಿಯ ಸೊನ್ನೆ ಬೇರೆ. 'ಕಂಬಳಿ' ಎಂದೂ 'ಕ೦ಬಳಿ' ಎಂದೂ ಬರೆದು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಎರಡನೆಯದು ಕಂಬಳಿಯೇ ಅಲ್ಲ. ಹುಡುಕಲು ಹೇಳಿದರೆ ಇಲ್ಲವೆಂದು ತಲೆಯಾಡಿಸುತ್ತದೆ. ಕಾದಂಬರಿಯ ತುಂಬ ಅಂಕಿಯ ಸೊನ್ನೆ ಸುರಿದವರು ಪಾತ್ರದ ಹೆಸರು ಬದಲಿಸಲು ಹೊರಟ ದಿನ ಅನುಭವಿಸುತ್ತಾರೆ. ಹಾಗೆಯೇ 'ರಾಜ್‌ಕುಮಾರ್' ಎಂದು ನೆಟ್ಟಗೆ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಅಗಲವೇ ಇಲ್ಲದ, ಅಚ್ಚಿನಲ್ಲಿ ಕಾಣದ ಒಂದು ಗುರುತು ಕೂರಬೇಕು. ಅದು ಬಿಟ್ಟುಹೋದರೆ ನಮ್ಮ ಅಣ್ಣಾವ್ರು 'ರಾಜ್ಕುಮಾರ್' ಆಗುತ್ತಾರೆ. ಕ ಹೋಗಿ ಜದ ಕೆಳಗೆ ನೇತುಬೀಳುತ್ತದೆ. ನಿಮ್ಮ ಕೀಲಿಮಣೆಯಲ್ಲಿ ಆ ಗುರುತು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಿ. ಸಾಫ್ಟ್‌ವೇರ್, ಫೇಸ್‌ಬುಕ್ ಇಲ್ಲದೆ ಈಗ ಯಾರ ಪ್ರಬಂಧ ಮುಗಿಯುತ್ತದೆ?

ಬೆರಳೇ ಬೇಡವೆನ್ನುವವರಿಗೆ ಫೋನಿಗೆ ಹೇಳಿ ಬರೆಸುವ ದಾರಿಯೂ ಇದೆ. ಕನ್ನಡ ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಅಡುಗೆಮನೆಯ ಕನ್ನಡವೂ ಕೇಳಿಸುತ್ತದೆ. ವಿರಹದ ಪ್ಯಾರಾದ ನಡುವೆ 'ಕೊತ್ತಂಬರಿ ಸೊಪ್ಪು ಮರೀಬೇಡಿ' ಬಂದು ಕೂತರೆ ಅದರ ತಪ್ಪಲ್ಲ. ನನಗೆ ಇದರ ತಿರುಗುಮುರುಗೇ ಹೆಚ್ಚು ಉಪಯೋಗಕ್ಕೆ ಬಂದಿದೆ: ಬರೆದದ್ದನ್ನು ಫೋನಿನಿಂದ ಓದಿಸಿ ಕೇಳುವುದು. ಭಾವನೆಯ ಗಂಧವಿಲ್ಲದೆ, ನಗುವ ಜಾಗದಲ್ಲೂ ನಗದೆ ಓದುತ್ತದೆ. ಅದರ ಬಾಯಲ್ಲಿ ಕೇಳಿದಾಗಲೂ ಚೆಂದವೆನಿಸಿದ ವಾಕ್ಯವನ್ನು ನಾನು ಕೈಬಿಡುವುದಿಲ್ಲ. ಸರೋಜ ಸುಮಿತ್ರಳಾದದ್ದೂ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಇನ್ನು ಹಳೆಯ ಕಡತಗಳ ಸಂಗತಿ. ನನಗೆ ನಿಜವಾಗಿ ಸಂಕಟವಿರುವುದು ಇಲ್ಲಿ. 'ಬರಹ', 'ನುಡಿ' ತಂತ್ರಾಂಶಗಳ ಆರಂಭದ ದಿನಗಳಲ್ಲಿ ಬೇರೆ ದಾರಿಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಕೂರಿಸಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬಾಡಿಗೆದಾರರು ಮಾಯ. ನೆತ್ತಿಗೆ ಟೋಪಿ, ಬಾಲಕ್ಕೆ ಕೊಕ್ಕೆ ಸಿಕ್ಕಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆಯಾಯಿತು. ಆದರೂ ಎಷ್ಟೋ ಹಿರಿಯರ ಎರಡು ದಶಕದ ಬರಹ ಹಳೆಯ ಬಾಡಿಗೆ ಮನೆಯಲ್ಲೇ ಬಿದ್ದಿದೆ, ಸೀಡಿಗಳಲ್ಲಿ, ಚಾಲೂ ಆಗದ ಕಂಪ್ಯೂಟರುಗಳಲ್ಲಿ. ಅಜ್ಜ ಮಸಿಯಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಮೊಮ್ಮಗ ಇಂದೂ ಓದುತ್ತಾನೆ. ಅಪ್ಪ ಟೈಪು ಮಾಡಿದ ಆತ್ಮಕಥೆಯನ್ನು ಮಗ ತೆರೆಯಲಾರ.

ಹಳೆಯ ಕಡತವನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ಕಡತವನ್ನು ಅದಕ್ಕೆ ಕೊಟ್ಟು, ಬಂದದ್ದರಲ್ಲಿ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿ. ಅವು ಜಾಗ ತಪ್ಪುವುದುಂಟು. ಒಂದು ಪ್ರತಿಯನ್ನು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ, ಇನ್ನೊಂದನ್ನು ಪೆನ್‌ಡ್ರೈವಿನಲ್ಲಿಟ್ಟು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಬಿಡಿ. ಹೊಸ ಕತೆ ಮುಂದಿನ ವಾರ ಬರೆದರಾಯಿತು. ಈ ಭಾನುವಾರ ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಅದಿನ್ನೂ ಚಾಲೂ ಆಗುತ್ತದೆಯೇ ನೋಡಿ.