ಅಸಲು ತಿಂದ ಅಜ್ಜ

ಟೋಕಿಯೋದಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳು ಕಳೆದು ಊರಿಗೆ ಹೊರಡುವ ದಿನ. ವಿಮಾನ ಇದ್ದದ್ದು ಸಂಜೆ. "ನರಿತಾ ಪೇಟೆ ಏರ್‌ಪೋರ್ಟಿನ ಹತ್ತಿರವೇ ಇದೆ ಅಪ್ಪ. ಬೆಳಿಗ್ಗೆಯೇ ಹೋಗಿ, ಅಲ್ಲಿನ ಸುಟ್ಟ ಹಾವುಮೀನು ತಿಂದು ಹೊರಡೋಣ" ಎಂದ ಮಗ. ಕುಂದಾಪುರದ ಕಡೆಯವನಾದ ನನಗೆ ಮೀನೆಂದರೆ ಎರಡನೆಯ ಮಾತಿಲ್ಲ. ನಾಲ್ಕನೆಯ ತರಗತಿಯ ಮೊಮ್ಮಗಳು ಮಾತ್ರ ಮುಖ ಊದಿಸಿಕೊಂಡಿದ್ದಳು. ನಾನು ಹೊರಡುತ್ತಿದ್ದೇನೆಂದು ಇರಬೇಕು ಎಂದುಕೊಂಡೆ.

ನರಿತಾದ ರೈಲು ನಿಲ್ದಾಣದಿಂದ ಶಿನ್ಶೋಜಿ ದೇವಾಲಯದವರೆಗೆ ಸುಮಾರು 800 ಮೀಟರ್ ಉದ್ದದ ಹಳೆಯ ಬೀದಿ. ಎರಡೂ ಕಡೆ ಮರದ ಅಂಗಡಿಗಳು. ದೇವಾಲಯ ಸ್ಥಾಪನೆಯಾದದ್ದು 940ರಲ್ಲಿ. ಒಳಗೆ ನಗಾರಿ ಬಾರಿಸುತ್ತಾ ಅರ್ಚಕರು ಬೆಂಕಿಗೆ ಸಮಿತ್ತು ಹಾಕುತ್ತಿದ್ದರು. ಅದರ ಹೆಸರು 'ಗೊಮ'. ನಮ್ಮ 'ಹೋಮ'ವೇ ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋಗಿ 'ಗೊಮ' ಆಗಿದೆ! ನನಗರಿಯದೆ ಕೈ ಮುಗಿದೆ.

ಹಿಂದೆ ದೂರದಿಂದ ನಡೆದು ಬರುತ್ತಿದ್ದ ಯಾತ್ರಿಕರಿಗೆ ಹತ್ತಿರದ ಕೆರೆ, ಹೊಳೆಗಳ ಹಾವುಮೀನು ಬಡಿಸುತ್ತಿದ್ದರಂತೆ. ಆ ರೂಢಿ ಈಗಲೂ ಉಳಿದಿದೆ. ಅಂಗಡಿಯ ಮುಂದೆಯೇ ಹಲಗೆಯಿಟ್ಟು, ಜಾರುವ ಮೀನಿನ ತಲೆಗೆ ಮೊಳೆ ಚುಚ್ಚಿ, ಬೆನ್ನಿನ ಕಡೆಯಿಂದ ಕ್ಷಣಾರ್ಧದಲ್ಲಿ ಸೀಳುತ್ತಾರೆ. ಕಡ್ಡಿಗೆ ಪೋಣಿಸಿ, ಇದ್ದಿಲ ಮೇಲೆ ಸುಟ್ಟು, ಹಬೆಯಲ್ಲಿ ಬೇಯಿಸಿ, ಸೋಯಾ ಸಾಸಿನ ಸಿಹಿರಸದಲ್ಲಿ ಅದ್ದಿ ಮತ್ತೆ ಸುಡುತ್ತಾರೆ. ಕಡ್ಡಿ ಪೋಣಿಸಲು ಮೂರು ವರ್ಷ, ಸೀಳಲು ಎಂಟು ವರ್ಷ, ಸುಡಲು ಕಲಿಯುವುದಕ್ಕೆ ಜೀವಮಾನ ಬೇಕು ಎಂದು ಅಲ್ಲಿಯ ಗಾದೆ.

ಟೋಕನ್ ಹಿಡಿದು 40 ನಿಮಿಷ ಕಾದೆ. 36 ವರ್ಷ ಬ್ಯಾಂಕಿನಲ್ಲಿ ಜನರಿಗೆ ಟೋಕನ್ ಕೊಟ್ಟು ಕಾಯಿಸಿದವನು ನಾನು. ಲೆಕ್ಕ ಚುಕ್ತಾ ಆಯಿತು.

ಅರಗಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಬಿಸಿ ಅನ್ನದ ಮೇಲೆ ಹೊಳೆಯುವ ಮೀನು. ಮೇಲೆ ಉದುರಿಸಲು ಸಾನ್ಶೋ ಎಂಬ ಪುಡಿ. ಬಾಯಿಗಿಟ್ಟರೆ ನಾಲಿಗೆಯೆಲ್ಲ ಜುಮ್! ನಮ್ಮ ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ಕುಲದ್ದೇ ಅದು.

"ನೀನೂ ತಿನ್ನು ಪುಟ್ಟಾ" ಎಂದೆ. ಮೊಮ್ಮಗಳು ತಲೆ ಅಲ್ಲಾಡಿಸಿದಳು.

"ಅಜ್ಜ, ಈ ಮೀನು ಮೊಟ್ಟೆ ಇಡೋಕೆ ಇಲ್ಲಿಂದ 2,000 ಕಿಲೋಮೀಟರಿಗಿಂತ ದೂರ, ಮರಿಯಾನಾ ದ್ವೀಪಗಳ ಹತ್ತಿರ ಹೋಗುತ್ತೆ. ಮರಿಗಳು ಗಾಜಿನ ಹಾಗಿರ್ತವೆ. ತೇಲಿಕೊಂಡು ವಾಪಸ್ ಬರ್ತವೆ. ನದಿಯ ಬಾಯಲ್ಲೇ ಅವನ್ನ ಹಿಡಿದುಬಿಡ್ತಾರೆ."

"ಕೋಳಿ ಸಾಕಿದ ಹಾಗೆ ಕೊಳದಲ್ಲಿ ಸಾಕ್ತಾರಂತಲ್ಲ?"

"ಸಾಕಿದ ಕೋಳಿ ಮೊಟ್ಟೆ ಇಡುತ್ತೆ. ಇದು ಕೊಳದಲ್ಲಿ ಇಡಲ್ಲ. ಅದಕ್ಕೇ ಪ್ರತಿ ವರ್ಷ ಸಮುದ್ರದ ಮರಿಗಳನ್ನೇ ತರ್ತಾರೆ."

ಮಗ ಹೌದೆಂದ. 2014ರಲ್ಲೇ ಜಪಾನಿನ ಹಾವುಮೀನನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರಂತೆ. ಪ್ರಯೋಗಾಲಯದಲ್ಲಿ ಮರಿ ಮಾಡಿದ್ದಾರೆ, ಆದರೆ ಅಂಗಡಿಗೆ ಬರುವುದು ಹೆಚ್ಚುಕಮ್ಮಿ ಎಲ್ಲವೂ ಸಮುದ್ರದ ಮರಿ ಬೆಳೆದದ್ದೇ.

ನನ್ನ ಚಾಪ್‌ಸ್ಟಿಕ್ ಅಲ್ಲೇ ನಿಂತಿತು. ಬಡ್ಡಿ ತಿನ್ನಿ, ಅಸಲಿಗೆ ಕೈ ಹಾಕಬೇಡಿ ಎಂದು ಕೌಂಟರಿನ ಹಿಂದೆ ಕುಳಿತು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೆ! ಕೋಳಿಯ ಮೊಟ್ಟೆ ಬಡ್ಡಿ. ಈ ಪೆಟ್ಟಿಗೆಯಲ್ಲಿದ್ದದ್ದು ಅಸಲು. ಪಾಸ್‌ಬುಕ್ಕಿನಲ್ಲಿ ಉಳಿಕೆ ಇಳಿಯುತ್ತಿರುವುದು ಒಂಬತ್ತು ವರ್ಷದ ಹುಡುಗಿಗೆ ಕಂಡಿತ್ತು, ನನಗೆ ಕಂಡಿರಲಿಲ್ಲ.

ಬೆಂದ ಮೀನನ್ನು ಚೆಲ್ಲಿದರೆ ಅದೂ ಪಾಪವೇ. ತಿಂದೆ. ಬಹಳ ರುಚಿಯಾಗಿತ್ತು, ಸುಳ್ಳು ಹೇಳಲಾರೆ. ರಸ ಇಳಿದಿದ್ದ ಅನ್ನವನ್ನು ಅವಳಿಗೆ ಕೊಟ್ಟೆ. ಅದನ್ನು ಮಾತ್ರ ಬಾಯಿ ಚಪ್ಪರಿಸಿ ತಿಂದಳು.

ಏರ್‌ಪೋರ್ಟಿನಲ್ಲಿ ಬೀಳ್ಕೊಡುವಾಗ, "ಮುಂದಿನ ಸಲ ಹಾವುಮೀನು ಬೇಡ, ಸೋಬಾ ತಿನ್ನೋಣ" ಎಂದೆ.

"ಮುಂದಿನ ಸಲ ಅಂದ್ಯಲ್ಲ? ಹಾಗಾದ್ರೆ ಬರಲೇಬೇಕು" ಎಂದು ಕೈ ಹಿಡಿದಳು.

ನನಗೀಗ 74. ಮೊಣಕಾಲು ಮೊದಲಿನಂತಿಲ್ಲ. ಪಾಸ್‌ಪೋರ್ಟಿನ ಅವಧಿ ಬರುವ ವರ್ಷ ಮುಗಿಯುತ್ತದೆ. ಇನ್ನೇಕೆ ಎಂದು ಸುಮ್ಮನಿದ್ದೆ. ಮೊನ್ನೆ ಸೋಮವಾರ ನವೀಕರಣಕ್ಕೆ ಅರ್ಜಿ ಹಾಕಿ ಬಂದೆ.